ಎಫ್‌ಐಎಚ್ ಹಾಕಿ ನಿಯಮ ಪುಸ್ತಕ: ಕೊಡಗಿನ ಕೋಚ್‌ಗಳಿಗೆ ಎಷ್ಟು ಉಪಯೋಗ?

ಏಪ್ರಿಲ್, ಮೇ ಬಂತೆಂದರೆ ಕೊಡಗಿನ ಮೈದಾನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಅಷ್ಟು ತಂಡ ಎಂದರೆ ಗೆರೆಯಾಚೆ ನಿಲ್ಲುವ ಕೋಚ್‌ಗಳೂ ಮ್ಯಾನೇಜರ್‌ಗಳೂ ಅಷ್ಟೇ. ಇವರಲ್ಲಿ ಅನೇಕರು ಕಾಲೇಜಿಗೋ ಸೇನೆಗೋ ಬ್ಯಾಂಕಿಗೋ ಆಡಿ ಬಂದವರು. ಆಟ ಚೆನ್ನಾಗಿ ಗೊತ್ತು. ಆದರೆ ತಾವು ಆಡುತ್ತಿದ್ದ ಕಾಲದ ನಿಯಮವೇ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ವಿಸಿಲ್ ಹಿಡಿದವರು ಊದುವುದು ಈಗಿನ ನಿಯಮಕ್ಕೆ. ಅಂಪೈರ್ ಜೊತೆಗಿನ ವಾಗ್ವಾದಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಅಂತರದಲ್ಲಿ.

ಅಂತರ ಮುಚ್ಚಲು ಬೇಕಾದ ಪುಸ್ತಕ ಪುಕ್ಕಟೆಯಾಗಿ ಸಿಗುತ್ತದೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ (ಎಫ್‌ಐಎಚ್) ಪ್ರಕಟಿಸುವ ನಿಯಮ ಪುಸ್ತಕದ ಪಿಡಿಎಫ್ ಅದರ ವೆಬ್‌ಸೈಟ್‌ನಲ್ಲೇ ಇದೆ. ಮೊಬೈಲಿಗೆ ಇಳಿಸಿಕೊಳ್ಳಬಹುದು, ಮುದ್ರಿಸಿ ಪಿನ್ ಹೊಡೆದು ಇಟ್ಟುಕೊಳ್ಳಬಹುದು. ಒಟ್ಟು 14 ನಿಯಮಗಳು. 1ರಿಂದ 10ರವರೆಗೆ ಆಟದ ವಿಷಯ, 11ರಿಂದ 14ರವರೆಗೆ ಅಂಪೈರಿಂಗ್ ಮತ್ತು ಶಿಕ್ಷೆ, ಆಮೇಲೆ ಅಂಪೈರ್ ಸನ್ನೆಗಳು, ಮೈದಾನ ಮತ್ತು ಸಲಕರಣೆಗಳ ಅಳತೆ. ಕುಟುಂಬ ತಂಡವಾಗಲಿ ಶಾಲಾ ತಂಡವಾಗಲಿ, ನಡೆಸುವವರು ಇದನ್ನು ಓದಲೇಬೇಕು. ಹಾಗೆಂದು ಕೊಡಗಿನ ಪಂದ್ಯಾವಳಿಗಳಿಗೆ ಇದೊಂದೇ ಸಾಕು ಎನ್ನುವಂತಿಲ್ಲ. ಎಲ್ಲಿ ಸಾಲದು ಎಂಬುದನ್ನು ಮುಂದೆ ನೋಡೋಣ.

ಓದುವ ಕ್ರಮವೂ ಮುಖ್ಯ. ದಪ್ಪ ಅಕ್ಷರದ ನಿಯಮ ಒಂದೆರಡು ಸಾಲಿನದ್ದು. ಅದರ ಕೆಳಗೆ ಬಿಡಿಸಿ ಹೇಳಿರುವ ವಿವರಣೆಯೇ ಜೀವಾಳ. ಮೇಲಿನ ಸಾಲನ್ನಷ್ಟೇ ಓದಿ ಮೈದಾನಕ್ಕೆ ಬಂದವರು ಓದದವರಿಗಿಂತ ಜೋರಾಗಿ ವಾದಿಸುತ್ತಾರೆ, ತಪ್ಪಾಗಿಯೂ ವಾದಿಸುತ್ತಾರೆ. ಇನ್ನೊಂದು, ಮುಖಪುಟದಲ್ಲಿ ಯಾವ ದಿನಾಂಕದಿಂದ ಜಾರಿ ಎಂದು ಬರೆದಿರುತ್ತದೆ. ಅದನ್ನು ನೋಡದೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುವ ಹಳೆಯ ಪ್ರತಿಯನ್ನು ನಂಬಿದರೆ ಓದಿದ ಶ್ರಮವೆಲ್ಲ ವ್ಯರ್ಥ. 2009ರಲ್ಲಿ ಫ್ರೀ ಹಿಟ್‌ಗೆ ಸೆಲ್ಫ್ ಪಾಸ್ (ಹೊಡೆದವನೇ ಚೆಂಡನ್ನು ಮುಂದುವರಿಸಿ ಆಡುವುದು) ಬಂತು, 2015ರಲ್ಲಿ ಲಾಂಗ್ ಕಾರ್ನರ್ (ಡಿಫೆಂಡರ್‌ನಿಂದ ಹಿಂದಿನ ಗೆರೆ ದಾಟಿದ ಚೆಂಡನ್ನು ಮತ್ತೆ ಆಡುವುದು) ಜಾಗ ಬದಲಾಯಿತು, 2019ರಲ್ಲಿ ಪಂದ್ಯ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಆಯಿತು, ಗೋಲ್‌ಕೀಪರ್ ಸವಲತ್ತನ್ನು ಫೀಲ್ಡ್ ಆಟಗಾರನೊಬ್ಬನಿಗೆ ಕೊಡುವ ವ್ಯವಸ್ಥೆ ಹೋಯಿತು, 2022ರಲ್ಲಿ ಮೇಲಿಂದ ಬೀಳುವ ಚೆಂಡಿನ ನಿಯಮ ತಿದ್ದುಪಡಿಯಾಯಿತು. ಹತ್ತು ವರ್ಷ ಮೈದಾನದಿಂದ ದೂರವಿದ್ದು ಕುಟುಂಬದ ತಂಡ ನಡೆಸಲು ಬಂದವರಿಗೆ ಇದು ಅರ್ಧ ಬೇರೆಯೇ ಆಟ.

ಕಾಲಿಗೆ ಬಿದ್ದರೆಲ್ಲ ಫುಟ್ ಅಲ್ಲ

ಯಾವುದೇ ಪಂದ್ಯದಲ್ಲಿ ಗೆರೆಯಾಚೆಯಿಂದ ಅತಿ ಹೆಚ್ಚು ಕೇಳುವ ಕೂಗು 'ಫುಟ್!'. ಪುಸ್ತಕದ ಅತ್ಯುತ್ತಮ ಭಾಗವೂ ಇಲ್ಲಿದೆ, 9.11ನೇ ನಿಯಮದಲ್ಲಿ. ಫೀಲ್ಡ್ ಆಟಗಾರ ದೇಹದ ಯಾವ ಭಾಗದಿಂದಲೂ ಚೆಂಡನ್ನು ನಿಲ್ಲಿಸಬಾರದು, ಒದೆಯಬಾರದು, ಎತ್ತಬಾರದು, ಒಯ್ಯಬಾರದು ಎನ್ನುತ್ತದೆ ನಿಯಮ. ಹೆಚ್ಚಿನವರ ಓದು ಇಲ್ಲಿಗೇ ನಿಲ್ಲುತ್ತದೆ. ಅದರ ಕೆಳಗಿನ ವಿವರಣೆ ಬೇರೆಯೇ ಮಾತು ಹೇಳುತ್ತದೆ: ಚೆಂಡು ಕಾಲಿಗೋ ಕೈಗೋ ಮೈಗೋ ತಾಗಿದ್ದೆಲ್ಲ ತಪ್ಪಲ್ಲ. ತಾಗಿದ್ದರಿಂದ ಆ ಆಟಗಾರನಿಗೆ ಲಾಭವಾಗಿರಬೇಕು, ಇಲ್ಲವೆ ಚೆಂಡು ತಡೆಯಲೆಂದೇ ಅಲ್ಲಿ ಮೈ ಒಡ್ಡಿರಬೇಕು. ಆಗ ಮಾತ್ರ ತಪ್ಪು.

ಇದನ್ನು ಮೈದಾನಕ್ಕೆ ತಂದು ನೋಡಿ. ಎದುರಾಳಿ ಡಿಫೆಂಡರ್‌ನ ಕಾಲಿಗೆ ತಗುಲಿದ ಚೆಂಡು ನೇರ ನಿಮ್ಮ ಫಾರ್ವರ್ಡ್ ಬಳಿಗೇ ಬಂತು ಎನ್ನಿ. ಅಂಪೈರ್ ಸುಮ್ಮನಿರುತ್ತಾರೆ. ಕಾಲಿಗೆ ತಗುಲಿದ್ದನ್ನು ಅವರು ನೋಡಿರುತ್ತಾರೆ. ಲಾಭ ನಿಮಗೇ ಆಗಿದೆ, ಊದಿದರೆ ನಿಮ್ಮ ಓಟವೇ ನಿಲ್ಲುತ್ತದೆ. 12.1 ಇದನ್ನೇ ಇನ್ನಷ್ಟು ವಿಶಾಲವಾಗಿ ಹೇಳುತ್ತದೆ: ಎದುರಾಳಿ ನಿಯಮ ಮುರಿದದ್ದರಿಂದ ಒಬ್ಬ ಆಟಗಾರನಿಗೋ ತಂಡಕ್ಕೋ ನಷ್ಟವಾದಾಗ ಮಾತ್ರ ಶಿಕ್ಷೆ. ನಿಮ್ಮ ಫಾರ್ವರ್ಡ್ ಕೈಯೆತ್ತಿ ನಿಂತುಬಿಟ್ಟರೆ ಚೆಂಡೂ ಹೋಯಿತು, ವಿಸಿಲೂ ಇಲ್ಲ. ಆಟಗಾರರಿಗೆ ಕೋಚ್ ಹೇಳಿಕೊಡಬೇಕಾದ ಮೊದಲ ಪಾಠ, ವಿಸಿಲ್ ಕೇಳುವ ತನಕ ಆಡುತ್ತಿರಿ ಎಂಬುದು. ಕೂಗುವ ಕೋಚ್ ಇದಕ್ಕೆ ಸರಿಯಾಗಿ ವಿರುದ್ಧವಾದದ್ದನ್ನು ಕಲಿಸುತ್ತಿರುತ್ತಾರೆ.

ಕೈಯ ವಿಷಯಕ್ಕೆ ಪ್ರತ್ಯೇಕ ಸಾಲಿದೆ. ಸ್ಟಿಕ್ ಹಿಡಿದ ಕೈಗೆ ಚೆಂಡು ತಾಗಿದರೂ, ಕೈ ಇಲ್ಲದಿದ್ದರೆ ಅದು ಸ್ಟಿಕ್‌ಗೇ ತಾಗುತ್ತಿತ್ತು ಎಂದಾದರೆ ತಪ್ಪಲ್ಲ. ಕೈಯೂ ಸ್ಟಿಕ್‌ನ ಭಾಗ ಎಂದು ಇದರ ಅರ್ಥವಲ್ಲ. ಸ್ಟಿಕ್ ಬಿಟ್ಟ ಕೈಗೆ ಈ ರಿಯಾಯಿತಿ ಇಲ್ಲ.

ಡಿಫೆಂಡರ್‌ನ ಕಾಲಿಗೆ ತಾಗಿ ಲಾಭವೂ ಆದರೆ ಏನು ಕೊಡಬೇಕೆಂಬುದಕ್ಕೆ 12ನೇ ನಿಯಮಕ್ಕೆ ಹೋಗಬೇಕು. ಡಿ (ಗೋಲ್ ಮುಂದಿನ ಅರ್ಧವೃತ್ತದಂಥ ಜಾಗ) ಒಳಗೆ ಉದ್ದೇಶವಿಲ್ಲದೆ ತಾಗಿ, ಆಗಿಬಿಡಬಹುದಾದ ಗೋಲೇನೂ ತಪ್ಪಿರದಿದ್ದರೆ ಪೆನಾಲ್ಟಿ ಕಾರ್ನರ್ (ಇದರ ಕ್ರಮ ಮುಂದಿದೆ). ಗೋಲ್ ಗೆರೆಯ ಮೇಲೆ ನಿಂತವನ ಕಾಲಿಗೆ ಬಡಿದು ಆಗಲಿದ್ದ ಗೋಲು ತಪ್ಪಿದರೆ, ಉದ್ದೇಶ ಇರಲಿ ಬಿಡಲಿ, ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬನೇ ಎದುರಿಗಿದ್ದು ಚುಕ್ಕೆಯಿಂದ ಹೊಡೆಯುವುದು). 'ಬೇಕೆಂದು ಮಾಡಿಲ್ಲ, ಸ್ಟ್ರೋಕ್ ಯಾಕೆ?' ಎಂದು ಕೇಳುವವರಿಗೆ ಉತ್ತರ ಇಷ್ಟೇ. ಡಿ ಆಚೆ ಆದರೆ ಉದ್ದೇಶ ನೋಡಬೇಕು: 23 ಮೀಟರ್ ಗೆರೆಯೊಳಗೆ (ಹಿಂದಿನ ಗೆರೆಯಿಂದ ಅಷ್ಟು ದೂರದ ಗೆರೆ) ಡಿಫೆಂಡರ್ ಬೇಕೆಂದೇ ತಪ್ಪು ಮಾಡಿದ್ದರೆ ಅಲ್ಲಿಂದಲೂ ಪೆನಾಲ್ಟಿ ಕಾರ್ನರ್.

ಪೆನಾಲ್ಟಿ ಕಾರ್ನರ್: ಪುಸ್ತಕದ ಗಟ್ಟಿ ಅಧ್ಯಾಯ

13.3 ಇಡೀ ಪುಸ್ತಕದಲ್ಲಿ ಉದ್ದದ ಭಾಗಗಳಲ್ಲೊಂದು. ನಿಧಾನವಾಗಿ ಓದಬೇಕಾದದ್ದು. ಕ್ರಮ ಹೀಗಿದೆ: ಚೆಂಡನ್ನು ಹತ್ತಿರದ ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನ ಮೇಲೆ, ಡಿ ಒಳಗೆ, ಹಿಂದಿನ ಗೆರೆಯ ಮೇಲಿಡಬೇಕು. ತಳ್ಳುವವನ ಒಂದು ಪಾದವಾದರೂ ಮೈದಾನದ ಹೊರಗಿರಬೇಕು. ಉಳಿದ ಆಕ್ರಮಣಕಾರರು ಡಿ ಹೊರಗೆ. ಗೋಲ್‌ಕೀಪರ್ ಸೇರಿ ಐದಕ್ಕಿಂತ ಹೆಚ್ಚಿಲ್ಲದ ಡಿಫೆಂಡರ್‌ಗಳು ಹಿಂದಿನ ಗೆರೆಯಾಚೆ, ಉಳಿದವರು ಮಧ್ಯದ ಗೆರೆಯಾಚೆ. ಚೆಂಡು ಡಿ ಹೊರಗೆ ಹೋಗದೆ ಗೋಲಿಲ್ಲ. ಹೊರಗೆ ಹೋದರೆ ಸಾಕು, ಅಲ್ಲಿ ಅದನ್ನು ಸ್ತಬ್ಧವಾಗಿ ನಿಲ್ಲಿಸಲೇಬೇಕೆಂದಿಲ್ಲ. 'ನಿಲ್ಲಿಸಲೇ ಇಲ್ಲ, ಗೋಲ್ ಹೇಗೆ?' ಎಂಬ ವಾದ ಹಳೆಯ ಕಾಲದ್ದು.

ಎತ್ತರದ ವಿಷಯಕ್ಕೆ ಬಂದರೆ, ಮೊದಲ ಶಾಟ್ ಹಿಟ್ ಆಗಿದ್ದರೆ ಚೆಂಡು ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿರಬಾರದು. ಅಂದರೆ ಗೋಲಿನ ಹಿಂಬದಿ ಹಲಗೆಯ ಎತ್ತರ. ಫ್ಲಿಕ್ (ತಳ್ಳಿ ಎತ್ತುವುದು), ಸ್ಕೂಪ್ (ಚೆಂಡಿನ ಕೆಳಗೆ ಸ್ಟಿಕ್ ಹಾಕಿ ಎತ್ತುವುದು), ಡಿಫ್ಲೆಕ್ಷನ್‌ಗೆ (ತಾಗಿ ದಿಕ್ಕು ತಿರುಗಿದ ಚೆಂಡು) ಈ ಮಿತಿ ಇಲ್ಲ. ಎರಡನೇ ಹಿಟ್‌ಗೂ ಇಲ್ಲ. ಅಪಾಯಕಾರಿಯಾಗಿರಬಾರದು, ಅಷ್ಟೇ. ಚೆಂಡನ್ನು ಎಳೆದು ಎತ್ತುವ ಡ್ರ್ಯಾಗ್ ಫ್ಲಿಕ್ ಮೇಲ್ಮೂಲೆಗೆ ಹೋದರೆ ಸರಿ, ಹಿಟ್ ಹೋದರೆ ತಪ್ಪು ಏಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮೂರು ಸೂಕ್ಷ್ಮಗಳಲ್ಲಿ ಜಗಳ ಕಾದಿರುತ್ತದೆ. ಸ್ಟಿಕ್ಕನ್ನು ಉದ್ದಕ್ಕೆ ಬೀಸಿ ಗುಡಿಸುವಂತೆ ಹೊಡೆಯುವ ಸ್ಲ್ಯಾಪ್ ಕೂಡ ಹಿಟ್ ಎಂದೇ ಲೆಕ್ಕ. ಚೆಂಡು ದಾರಿಯಲ್ಲಿ 460 ದಾಟಿ ಮೇಲೆ ಹಾರಿದರೂ, ಅಪಾಯವಿಲ್ಲದೆ ತಾನಾಗಿ ಇಳಿದು ಗೆರೆ ದಾಟುವಾಗ ಹಲಗೆಯ ಮಟ್ಟಕ್ಕೆ ಬರುವಂತಿದ್ದರೆ ಗೋಲು. ಹಲಗೆ ಮಟ್ಟದಲ್ಲಿ ಬರುತ್ತಿದ್ದ ಹಿಟ್ ಡಿಫೆಂಡರ್‌ನ ಸ್ಟಿಕ್‌ಗೆ ತಾಗಿ ಮೇಲೆದ್ದು ಒಳಹೋದರೂ ಗೋಲು, ಏಕೆಂದರೆ ಎತ್ತರ ಅಳೆಯುವುದು ತಿರುವು ಪಡೆಯುವ ಮೊದಲಿನ ಹಾದಿಯನ್ನು. ಈ ಮೂರನೆಯದನ್ನು ಓದಿರುವ ಕೋಚ್ ಅಪರೂಪ.

ನಮ್ಮಲ್ಲಿ ಇದಕ್ಕೊಂದು ತೊಡಕಿದೆ. ತಾತ್ಕಾಲಿಕವಾಗಿ ನಿಲ್ಲಿಸಿದ ಗೋಲ್‌ಗೆ ಹಿಂಬದಿ ಹಲಗೆ ಇಲ್ಲದೆ ಬರೀ ಬಲೆ ಇದ್ದರೆ, ಅಥವಾ ಸಿಕ್ಕ ಹಲಗೆ ಕಟ್ಟಿ ಎತ್ತರ ಹೆಚ್ಚುಕಡಿಮೆ ಆಗಿದ್ದರೆ, ಅಂಪೈರ್‌ಗೆ ಅಳತೆಗೋಲೇ ಇಲ್ಲ. ಪ್ರತಿ ಹಿಟ್‌ಗೂ ವಾದ ತಪ್ಪದು. ಪಂದ್ಯಾವಳಿ ನಡೆಸುವವರು ಗೋಲ್ ಒಳಗೆ ಹಿಂದೆ ಮತ್ತು ಎರಡು ಪಕ್ಕಕ್ಕೆ ನೆಲದಿಂದ 460 ಮಿಲಿಮೀಟರ್‌ಗೆ ಸರಿಯಾಗಿ ಹಲಗೆ ಕಟ್ಟಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಚೆಂಡು ಹಲಗೆಗೆ ಬಡಿದ ಸದ್ದೇ ಎಲ್ಲರಿಗೂ ಉತ್ತರ. ಕಂಬಗಳ ನಡುವೆ 3.66 ಮೀಟರ್, ಅಡ್ಡಪಟ್ಟಿಯ ಕೆಳಗೆ 2.14 ಮೀಟರ್ ಇದೆಯೇ ಎಂದೂ ಆಗಲೇ ಟೇಪ್ ಹಿಡಿದು ನೋಡಿಬಿಡಬೇಕು.

ಓಡಿ ಬರುವ ಡಿಫೆಂಡರ್‌ಗೆ ಚೆಂಡು ಬಡಿದಾಗಲೂ ಎರಡೂ ಕಡೆಯವರು ಕೈಯೆತ್ತುತ್ತಾರೆ. ಪುಸ್ತಕದ ಉತ್ತರ ಖಚಿತ. ಮೊದಲ ಶಾಟ್‌ನಿಂದ 5 ಮೀಟರ್ ಒಳಗಿರುವ ಡಿಫೆಂಡರ್‌ಗೆ ಮಂಡಿಯ ಕೆಳಗೆ ಬಡಿದರೆ ಇನ್ನೊಂದು ಪೆನಾಲ್ಟಿ ಕಾರ್ನರ್. ಸಹಜವಾಗಿ ನಿಂತ ಭಂಗಿಯಲ್ಲಿ ಮಂಡಿಗೆ ಅಥವಾ ಮೇಲೆ ಬಡಿದರೆ ಶಾಟ್ ಅಪಾಯಕಾರಿ, ಡಿಫೆಂಡಿಂಗ್ ತಂಡಕ್ಕೆ ಫ್ರೀ ಹಿಟ್. 'ಸಹಜ ಭಂಗಿ' ಎಂಬುದನ್ನು ಮರೆಯಬಾರದು; ಮಂಡಿಯೂರಿ ಬಾಗಿದವನ ಎದೆಗೆ ಬಡಿದದ್ದಕ್ಕೆ ಅಂಪೈರ್ ಬೇರೆ ಲೆಕ್ಕ ಹಾಕುತ್ತಾರೆ.

ಬೇಗ ಓಡಿದವರಿಗೂ ಲೆಕ್ಕವಿದೆ. ಡಿಫೆಂಡರ್ ಒಬ್ಬ ಮೊದಲೇ ಗೆರೆ ದಾಟಿದರೆ ಅವನು ಮಧ್ಯದ ಗೆರೆಯಾಚೆ ಹೋಗಬೇಕು, ಬದಲಿಗೆ ಇನ್ನೊಬ್ಬ ಬರುವಂತಿಲ್ಲ. ಗೋಲ್‌ಕೀಪರ್ ಮೊದಲೇ ದಾಟಿದರೂ ತಂಡ ಒಬ್ಬ ಕಡಿಮೆ ಡಿಫೆಂಡರ್‌ನೊಂದಿಗೆ ಎದುರಿಸಬೇಕು. ಡಿ ಒಳಗೆ ಮೊದಲೇ ನುಗ್ಗಿದ ಆಕ್ರಮಣಕಾರನಿಗೂ ಮಧ್ಯದ ಗೆರೆಯೇ ಗತಿ. ಇನ್ನು ಕೋಚ್‌ಗೆ ನೇರ ಸಂಬಂಧಿಸಿದ್ದು: ಪೆನಾಲ್ಟಿ ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವವರೆಗೆ ಬದಲಿ ಆಟಗಾರನನ್ನು ಇಳಿಸುವಂತಿಲ್ಲ. ಡಿಫೆಂಡಿಂಗ್ ಗೋಲ್‌ಕೀಪರ್ ಗಾಯಗೊಂಡರೆ ಅಥವಾ ಅಮಾನತಾದರೆ ಮಾತ್ರ ವಿನಾಯಿತಿ. ಡ್ರ್ಯಾಗ್ ಫ್ಲಿಕ್ ಹೊಡೆಯುವವನನ್ನು ಬೆಂಚಿನಲ್ಲಿ ಕೂರಿಸಿಟ್ಟು, ಕಾರ್ನರ್ ಸಿಕ್ಕಾಗ ಕಳಿಸುವ ಯೋಚನೆ ನಡೆಯದು.

ಕ್ವಾರ್ಟರ್ ಮುಗಿಯುವ ಹೊತ್ತಿಗೆ ಕಾರ್ನರ್ ಸಿಕ್ಕಿದ್ದರೆ ಅದು ಪೂರ್ತಿಯಾಗುವವರೆಗೆ ಆಟ ಮುಂದುವರಿಯುತ್ತದೆ. ಚೆಂಡು ಡಿಯಿಂದ 5 ಮೀಟರ್‌ಗಿಂತ ದೂರ ಹೋದರೆ, ಅಥವಾ ಎರಡನೇ ಬಾರಿ ಡಿ ಹೊರಗೆ ಹೋದರೆ ಮುಗಿಯಿತು. ಕೊನೆಯ ನಿಮಿಷದಲ್ಲಿ ಒಂದು ಗೋಲ್ ಹಿಂದಿರುವ ತಂಡಕ್ಕೆ ಈ 'ಎರಡನೇ ಬಾರಿ' ಗೊತ್ತಿದ್ದರೆ ಚೆಂಡನ್ನು ಸುಮ್ಮನೆ ಹೊರಗೆ ಆಡಿ ಅವಕಾಶ ಕಳೆದುಕೊಳ್ಳುವುದಿಲ್ಲ.

ಮೇಲಿಂದ ಬರುವ ಚೆಂಡು

ಹುಲ್ಲು ಮೈದಾನದಲ್ಲಿ ಚೆಂಡು ಜಿಗಿಯುತ್ತದೆ, ನೆಲದ ಪಾಸ್ ನಂಬುವಂತಿಲ್ಲ, ಹಾಗಾಗಿ ಸ್ಕೂಪ್ ಹೆಚ್ಚು. ಅಲ್ಲಿ ಈ ಭಾಗ ಬಹಳ ಮುಖ್ಯ. 9.10ರ ಪ್ರಕಾರ ಬೀಳುತ್ತಿರುವ ಚೆಂಡನ್ನು ಹಿಡಿಯಲು ನಿಂತ ಎದುರಾಳಿಯ 5 ಮೀಟರ್ ಒಳಗೆ ಹೋಗಬಾರದು. ಚೆಂಡು ಹಿಡಿತಕ್ಕೆ ಬಂದು ನೆಲ ಮುಟ್ಟುವವರೆಗೆ ಈ ದೂರ ಬಿಡಬೇಕು. ಯಾರು ಮೊದಲು ಜಾಗದಲ್ಲಿದ್ದರು ಎಂಬುದು ಸ್ಪಷ್ಟವಿಲ್ಲದಿದ್ದರೆ, ಚೆಂಡು ಎತ್ತಿದ ತಂಡದವರು ಎದುರಾಳಿಗೆ ಬಿಟ್ಟುಕೊಡಬೇಕು. 2022ರ ತಿದ್ದುಪಡಿಯಲ್ಲಿ ಒಂದು ಬಾಗಿಲು ತೆರೆದಿದೆ: 5 ಮೀಟರ್ ಒಳಗಾದರೂ, ಹಿಡಿಯುವವನ ಆಟದ ಅಳವಿನ (ಸ್ಟಿಕ್ ಚಾಚಿದರೆ ಚೆಂಡು ಎಟಕುವ ದೂರದ) ಹೊರಗೆ, ಸುರಕ್ಷಿತವಾಗಿ ಚೆಂಡನ್ನು ನಡುವೆ ಕಸಿಯಬಹುದು. ಹಳೆಯದನ್ನಷ್ಟೇ ಬಲ್ಲ ಕೋಚ್ ಇದನ್ನು ಕಂಡಾಗ 'ಐದು ಮೀಟರ್!' ಎಂದು ಕೂಗುತ್ತಾರೆ. 'ಸುರಕ್ಷಿತವಾಗಿ' ಎಂಬುದನ್ನು ತೀರ್ಮಾನಿಸುವುದು ಅಂಪೈರ್. ಪುಸ್ತಕ ಅದನ್ನು ಚಿತ್ರ ಬರೆದು ತೋರಿಸಿದ್ದರೆ ಎಷ್ಟೋ ಒಳ್ಳೆಯದಿತ್ತು.

ಹಿಟ್ ಮೇಲೆದ್ದರೆ ತಪ್ಪು ಎಂಬುದೂ ಅರ್ಧ ಸತ್ಯ. ಗೋಲಿಗೆ ಹೊಡೆಯುವುದನ್ನು ಬಿಟ್ಟು ಬೇಕೆಂದೇ ಹಿಟ್ ಎತ್ತಬಾರದು. ತಾನಾಗಿ ಎದ್ದರೆ, ಅಪಾಯವಿಲ್ಲದಿದ್ದರೆ, ಫ್ರೀ ಹಿಟ್ ಆದರೂ ತಪ್ಪಲ್ಲ. ಗುಳಿಬಿದ್ದ ಹುಲ್ಲು ನೆಲದಲ್ಲಿ ಎದ್ದ ಪ್ರತಿ ಹಿಟ್‌ಗೂ ವಿಸಿಲ್ ಬೇಕೆನ್ನುವುದು ಅನ್ಯಾಯ. ಎದುರಾಳಿ 5 ಮೀಟರ್ ಒಳಗಿರುವಾಗ ಅವನತ್ತ ಫ್ಲಿಕ್ ಅಥವಾ ಸ್ಕೂಪ್ ಮಾಡುವುದು ಮಾತ್ರ ಅಪಾಯಕಾರಿಯೇ. ಚೆಂಡು ತಾಗಲೇಬೇಕೆಂದಿಲ್ಲ, ತಪ್ಪಿಸಿಕೊಳ್ಳಲು ನ್ಯಾಯವಾಗಿ ಬಾಗಬೇಕಾಗಿ ಬಂದರೂ ಸಾಕು. ಕೌಟುಂಬಿಕ ಹಾಕಿಯಲ್ಲಿ ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗಳು, ಸೇನೆಯಲ್ಲಿರುವ ಮಗ ಎಲ್ಲರೂ ಆಡುವುದುಂಟು. ಎದುರಿಗೆ ಯಾರಿದ್ದಾರೆಂದು ನೋಡಿ ಅಂಪೈರ್ ಬಿಗಿಯಾಗಿ ಊದಿದರೆ ಅದನ್ನು ಪಕ್ಷಪಾತ ಎನ್ನಬಾರದು. ತಪ್ಪಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಇರುವುದಿಲ್ಲ.

ಭುಜದ ಮೇಲೆ ಸ್ಟಿಕ್ ಎತ್ತಿ ಚೆಂಡು ನಿಲ್ಲಿಸುವುದು ಈಗ ಮೈದಾನದ ಎಲ್ಲ ಕಡೆಯೂ ಸರಿ, ಹಿಡಿತದಲ್ಲಿದ್ದು ಅಪಾಯವಿಲ್ಲದಿದ್ದರೆ. ಆಫ್‌ಸೈಡ್ 1998ರಲ್ಲೇ ಹೋಗಿದೆ. ಡಿಫೆಂಡರ್ ತಾನೇ ಒಳಗೆ ಹಾಕಿಕೊಂಡ ಚೆಂಡು ಗೋಲಲ್ಲ. ಡಿ ಒಳಗೆ ಆಕ್ರಮಣಕಾರನ ಸ್ಟಿಕ್‌ಗೆ ತಾಗಿರಲೇಬೇಕು. ಅವನ ಮೈಗೆ ತಾಗಿ ಒಳಹೋದರೂ ಗೋಲಲ್ಲ. ಡಿ ಗೆರೆಯೂ ಡಿಯ ಭಾಗ, ಗೆರೆ ಮೇಲೆ ತಾಗಿದರೂ ಒಳಗೆ ತಾಗಿದಂತೆ. ಡಿಫೆಂಡರ್‌ನಿಂದ ಚೆಂಡು ಉದ್ದೇಶವಿಲ್ಲದೆ ಹಿಂದಿನ ಗೆರೆ ದಾಟಿದರೆ, ದಾಟಿದ ಜಾಗಕ್ಕೆ ನೇರವಾಗಿ 23 ಮೀಟರ್ ಗೆರೆಯಿಂದ ಆಟ ಶುರು. ಹಳೆಯ ಕಾಲದಂತೆ ಮೂಲೆಯಿಂದ ಅಲ್ಲ.

ಫ್ರೀ ಹಿಟ್ ಮತ್ತು ಅಳಿಸಿಹೋದ ಗೆರೆ

ಆಕ್ರಮಣದ 23 ಮೀಟರ್ ಒಳಗಿನ ಫ್ರೀ ಹಿಟ್ ನೇರವಾಗಿ ಡಿಗೆ ಹೋಗಬಾರದು. ಚೆಂಡು 5 ಮೀಟರ್ ಸಾಗಿರಬೇಕು ಅಥವಾ ಡಿಫೆಂಡಿಂಗ್ ಆಟಗಾರನಿಗೆ ತಾಗಿರಬೇಕು. ಸೆಲ್ಫ್ ಪಾಸ್ ಮಾಡುವವನು ಎಷ್ಟು ಬಾರಿ ಬೇಕಾದರೂ ಆಡಬಹುದು, 5 ಮೀಟರ್ ಒಂದೇ ದಿಕ್ಕಿಗೆ ಇರಬೇಕೆಂದಿಲ್ಲ. ಇಲ್ಲಿ ಎಲ್ಲರೂ ತಪ್ಪುವುದು ಡಿ ಒಳಗಿನ ಡಿಫೆಂಡರ್ ವಿಷಯದಲ್ಲಿ. ಬೇಗ ತೆಗೆದ ಫ್ರೀ ಹಿಟ್‌ನಿಂದ 5 ಮೀಟರ್ ಒಳಗೆ ಡಿಯೊಳಗೇ ಇದ್ದವನು, ಚೆಂಡನ್ನು ಆಡದೆ, ಆಟಕ್ಕೆ ಅಡ್ಡಬಾರದೆ, ಡಿ ಒಳಗೇ ಹೊಡೆಯುವವನ ಜೊತೆಜೊತೆಗೆ ಸರಿಯಬಹುದು. ಅದು ತಪ್ಪಲ್ಲ. ಚೆಂಡು 5 ಮೀಟರ್ ಸಾಗುವ ಮೊದಲು ಸ್ಟಿಕ್ ಚಾಚಿದರೆ ತಪ್ಪು.

ಅಂಪೈರ್ ಇದನ್ನು ತೀರ್ಮಾನಿಸಲು ಡಿ ಗೆರೆಯ ಹೊರಗೆ 5 ಮೀಟರ್‌ಗೆ ತುಂಡುತುಂಡಾದ ಗೆರೆ ಬೇಕು. ಟರ್ಫ್‌ನಲ್ಲಿ ಅದು ಬಣ್ಣದಲ್ಲಿರುತ್ತದೆ. ಹುಲ್ಲು ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಎಳೆಯಬೇಕು, ಏಪ್ರಿಲ್‌ನಲ್ಲಿ ಒಂದು ಜೋರು ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಮರುದಿನ ಮತ್ತೆ ಎಳೆಯುವಾಗ ಡಿ ಮಾತ್ರ ಎಳೆದು ಈ ಗೆರೆಯನ್ನೂ 10 ಮೀಟರ್ ಗುರುತನ್ನೂ ಬಿಟ್ಟರೆ ಮಧ್ಯಾಹ್ನದೊಳಗೆ ಜಗಳ ಗ್ಯಾರಂಟಿ. ಡಿ ಎಳೆಯುವ ಅಳತೆ: ಕಂಬದ ಒಳ ಮುಂಭಾಗದ ಮೂಲೆಯನ್ನು ಕೇಂದ್ರ ಮಾಡಿಕೊಂಡು 14.63 ಮೀಟರ್ ಹಗ್ಗದಲ್ಲಿ ಎರಡು ಕಾಲು ವೃತ್ತ, ಎರಡನ್ನೂ ಸೇರಿಸುವ 3.66 ಮೀಟರ್ ನೇರ ಗೆರೆ. ಸ್ಟ್ರೋಕ್ ಚುಕ್ಕೆ ಗೋಲ್ ಗೆರೆಯಿಂದ 6.40 ಮೀಟರ್. ಗೆರೆಗಳ ಅಗಲ 75 ಮಿಲಿಮೀಟರ್. ಹೆಜ್ಜೆ ಎಣಿಸಿ ಎಳೆಯುವುದು ಬೇಡ, ಹಗ್ಗಕ್ಕೆ ಗಂಟು ಹಾಕಿಕೊಂಡು ಎಳೆಯಿರಿ.

ಪುಸ್ತಕ ಸೋಲುವ ಕಡೆ

ಆಬ್‌ಸ್ಟ್ರಕ್ಷನ್ ವಿಷಯದಲ್ಲಿ ಪುಸ್ತಕದ ವಿವರಣೆ ಸಾಲದು. ಎದುರಾಳಿಗೆ ಬೆನ್ನು ಒಡ್ಡಿ ಹಿಂದಕ್ಕೆ ಸರಿಯುವುದು, ಅವನ ಸ್ಟಿಕ್‌ಗೋ ಮೈಗೋ ಅಡ್ಡಿಪಡಿಸುವುದು, ನ್ಯಾಯವಾದ ಟ್ಯಾಕಲ್‌ನಿಂದ ಚೆಂಡನ್ನು ಮರೆಮಾಡುವುದು ತಪ್ಪು. ನಿಂತು ಚೆಂಡು ಪಡೆಯುವವನು ಯಾವ ಕಡೆ ಬೇಕಾದರೂ ಮುಖ ಮಾಡಿ ನಿಲ್ಲಬಹುದು. ಆಡುವ ಅಳವಿನಲ್ಲಿ ಇರದ, ಆಡಲು ಪ್ರಯತ್ನಿಸದ ಎದುರಾಳಿಗೆ ಆಬ್‌ಸ್ಟ್ರಕ್ಷನ್ ಕೇಳುವ ಹಕ್ಕಿಲ್ಲ. ಇಷ್ಟು ಹೇಳಿ ಪುಸ್ತಕ ಕೈಬಿಡುತ್ತದೆ. ಹತ್ತು ಅಂಪೈರ್‌ಗಳು ಹತ್ತು ರೀತಿ ಊದುವ ನಿಯಮ ಇದು. ಇದಕ್ಕೆ ವಿಡಿಯೊ ನೋಡಿ, ಸ್ಥಳೀಯ ಅಂಪೈರ್ ಒಬ್ಬರನ್ನು ಅಭ್ಯಾಸ ಪಂದ್ಯಕ್ಕೆ ಕರೆದು ಮಾತಾಡಿಸಿಯೇ ಕಲಿಯಬೇಕು.

ಇನ್ನೂ ದೊಡ್ಡ ಕೊರತೆ, ಪಂದ್ಯಾವಳಿಯ ಕಟ್ಟುಪಾಡುಗಳು ಇದರಲ್ಲಿಲ್ಲ. ಟಿವಿಯಲ್ಲಿ ಕಾಣುವ ವಿಡಿಯೊ ರೆಫರಲ್, ಕಾರ್ನರ್ ಕೊಟ್ಟಾಗ 40 ಸೆಕೆಂಡ್ ಗಡಿಯಾರ ನಿಲ್ಲುವುದು, 23 ಮೀಟರ್ ಗೆರೆಯಿಂದ 8 ಸೆಕೆಂಡಿನ ಶೂಟೌಟ್, ಇವೆಲ್ಲ ಅಂತರರಾಷ್ಟ್ರೀಯ ಪಂದ್ಯಾವಳಿಗಳ ಪ್ರತ್ಯೇಕ ನಿಯಮಾವಳಿಯಲ್ಲಿವೆ. ಮೂಲ ಪುಸ್ತಕವೇ ಪಂದ್ಯದ ಅವಧಿಯನ್ನು ಆಯಾ ಪಂದ್ಯಾವಳಿ ಬದಲಿಸಿಕೊಳ್ಳಲು ಬಿಟ್ಟಿದೆ. ನೂರಾರು ತಂಡಗಳ ಉತ್ಸವದಲ್ಲಿ ದಿನಕ್ಕೆ ಹಲವು ಪಂದ್ಯ ಮುಗಿಸಬೇಕಾದಾಗ ಅವಧಿ ಕಡಿಮೆಯಾಗುವುದು ಸಹಜ. ಟಿವಿ ನೋಡಿ ಬಂದ ಕೋಚ್ ರೆಫರಲ್ ಸನ್ನೆ ಮಾಡಿದರೆ ಅದಕ್ಕೆ ಮೈದಾನದಲ್ಲಿ ಅರ್ಥವೇ ಇಲ್ಲ. ಆದ್ದರಿಂದ ಪುಸ್ತಕದ ಜೊತೆಗೆ ಆಯೋಜಕರಿಂದ ಲಿಖಿತ ನಿಯಮ ಕೇಳಿ ಪಡೆಯಲೇಬೇಕು. ಅವಧಿ ಎಷ್ಟು, ಸಮಬಲವಾದರೆ ಶೂಟೌಟೋ ಸ್ಟ್ರೋಕೋ, ಕಾರ್ಡ್ ಪಡೆದವನು ಮುಂದಿನ ಪಂದ್ಯ ಆಡಬಹುದೇ, ದೂರು ಯಾರಿಗೆ, ಎಷ್ಟು ಹೊತ್ತಿನೊಳಗೆ ಕೊಡಬೇಕು, ಇಷ್ಟಂತೂ ಅದರಲ್ಲಿರಬೇಕು.

ಭಾಷೆಯದೂ ತೊಂದರೆಯೇ. ಪುಸ್ತಕ ಇಂಗ್ಲಿಷಿನಲ್ಲಿದೆ, ಕಾನೂನು ಧಾಟಿಯಲ್ಲಿದೆ, ಒಂದು ಘಟನೆಗೆ ಉತ್ತರ ಹುಡುಕಲು 9, 12, 13 ಮೂರೂ ಕಡೆ ಓಡಾಡಬೇಕು. ಹದಿನಾಲ್ಕರ ಹುಡುಗ ಹುಡುಗಿಯರ ಕೈಗೆ ಕೊಟ್ಟರೆ ಓದುವುದಿಲ್ಲ. ಕೋಚ್ ಓದಿ, ಕೊಡವ ತಕ್ಕ್‌ನಲ್ಲೋ ಕನ್ನಡದಲ್ಲೋ, ಸ್ಟಿಕ್ ಚೆಂಡು ಇಟ್ಟು ತೋರಿಸಬೇಕು.

ವಾದಿಸುವ ಹಕ್ಕು ಯಾರದು

ಇಬ್ಬರು ಅಂಪೈರ್‌ಗಳು, ತಲಾ ಅರ್ಧ ಮೈದಾನ. ತಮ್ಮ ಕಡೆಯ ಡಿ ಒಳಗಿನ ಫ್ರೀ ಹಿಟ್, ಕಾರ್ನರ್, ಸ್ಟ್ರೋಕ್, ಗೋಲು ಅವರದೇ ತೀರ್ಮಾನ. ಬೆಂಚಿನ ಹತ್ತಿರವಿದ್ದಾರೆಂದು ಈ ಕಡೆಯ ಅಂಪೈರ್ ಮೇಲೆ ಆ ಕಡೆಯ ಕಾರ್ನರ್‌ಗಾಗಿ ಕೂಗುವುದರಿಂದ ಏನೂ ಬದಲಾಗದು. ತೋಳಿಗೆ ಪಟ್ಟಿ ಕಟ್ಟಿದ ನಾಯಕನೊಬ್ಬ ಮೈದಾನದಲ್ಲಿರಬೇಕು ಎಂದು 3ನೇ ನಿಯಮ ಹೇಳುವುದು ವಾದಿಸಲಿ ಎಂದಲ್ಲ, ತಂಡದವರ ನಡತೆಗೂ ಬದಲಿ ಆಟಗಾರರ ವಿಷಯಕ್ಕೂ ಅವನು ಜವಾಬ್ದಾರ ಎಂದು. ಜವಾಬ್ದಾರಿ ನಿಭಾಯಿಸದಿದ್ದರೆ ಕಾರ್ಡ್ ಅವನಿಗೇ ಬರಬಹುದು. ಹಸಿರು ಕಾರ್ಡ್‌ಗೆ 2 ನಿಮಿಷ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪಿಗೆ ಪಂದ್ಯದ ಉಳಿದ ಅವಧಿ ಪೂರ್ತಿ ತಂಡ ಒಬ್ಬರನ್ನು ಕಳೆದುಕೊಂಡು ಆಡಬೇಕು.

ಕೋಚ್‌ಗಳು ಗುರುತು ಹಾಕಿಕೊಳ್ಳಬೇಕಾದ ಸಾಲು 12ನೇ ನಿಯಮದ ಕೊನೆಯ ಭಾಗದಲ್ಲಿದೆ. ಕೊಟ್ಟ ಶಿಕ್ಷೆಯನ್ನು ತೆಗೆದುಕೊಳ್ಳುವ ಮೊದಲೇ ಇನ್ನೊಂದು ತಪ್ಪೋ ದುರ್ವರ್ತನೆಯೋ ನಡೆದರೆ ಅಂಪೈರ್ ಅದನ್ನು ಹೆಚ್ಚಿಸಬಹುದು. ಫ್ರೀ ಹಿಟ್ ಸಿಕ್ಕ ತಂಡವೇ ಹಾಗೆ ಮಾಡಿದರೆ ಅದನ್ನು ತಿರುಗಿಸಿ ಎದುರಾಳಿಗೆ ಕೊಡಬಹುದು. 'ಕಾರ್ಡ್ ಯಾಕೆ ಕೊಡಲಿಲ್ಲ' ಎಂದು ಅಂಪೈರ್ ಮುಂದೆ ನಿಂತು ಕೂಗುವ ಆಟಗಾರ ತನ್ನ ಕೈಯಲ್ಲಿದ್ದ ಫ್ರೀ ಹಿಟ್ಟನ್ನೇ ಕಳೆದುಕೊಳ್ಳುವುದು ಹೀಗೆ.

ಕೇಳಬೇಕಾದ್ದು ಇದ್ದರೆ ವಿರಾಮದಲ್ಲಿ, ನಾಯಕನ ಮೂಲಕ, ನಿಯಮದ ಪ್ರಶ್ನೆಯಾಗಿ ಕೇಳಬೇಕು. 'ಸರ್, ಆ ಹಿಟ್ ಹಲಗೆಗಿಂತ ಮೇಲಿತ್ತೇ, ಅಪಾಯಕಾರಿ ಎಂದು ಊದಿದಿರೇ?' ಎಂದರೆ ಉತ್ತರ ಬರುತ್ತದೆ, ಮುಂದಿನ ಕಾರ್ನರ್‌ಗೆ ಏನು ಬದಲಿಸಬೇಕೆಂಬುದೂ ಗೊತ್ತಾಗುತ್ತದೆ. 'ಕಣ್ಣು ಕಾಣಲ್ವಾ' ಎಂದರೆ ಕಾರ್ಡ್ ಬರುತ್ತದೆ.

ಮುದ್ರಿಸಿಕೊಳ್ಳುವವರಿಗೆ ಸಲಹೆ: ಇಡೀ ಪುಸ್ತಕ ಬೇಡ. 8, 9, 12, 13ನೇ ನಿಯಮಗಳ ಪುಟಗಳು, 2ನೇ ನಿಯಮದ ಬದಲಿ ಆಟಗಾರರ ಭಾಗ, ಗೋಲ್ ಮತ್ತು ಡಿ ಅಳತೆಯ ಚಿತ್ರ, ಅಂಪೈರ್ ಸನ್ನೆಗಳ ಪುಟ ಸಾಕು. ಎರಡು ಪ್ರತಿ ತೆಗೆದು ಪ್ಲಾಸ್ಟಿಕ್ ಹೊದಿಕೆಗೆ ಹಾಕಿ, ಒಂದು ತಂಡದ ಕಿಟ್ ಬ್ಯಾಗಿನಲ್ಲಿ, ಇನ್ನೊಂದು ಅಭ್ಯಾಸದ ಜಾಗದಲ್ಲಿ ಇಡಿ. ಮೇಲೆ ಆವೃತ್ತಿಯ ದಿನಾಂಕ ಬರೆದಿಡಿ. ಜೊತೆಗೆ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಂದನ್ನು ಮಾಡಿಸಿಟ್ಟುಕೊಂಡರೆ, ಹಿಡಿಕೆಗೆ ಟೇಪ್ ಸುತ್ತಿ ದಪ್ಪ ಮಾಡಿದ ಸ್ಟಿಕ್‌ಗಳು ಅದರೊಳಗೆ ದಾಟುತ್ತವೆಯೇ ಎಂದು ಪಂದ್ಯಕ್ಕೆ ಮೊದಲೇ ನೋಡಿಕೊಳ್ಳಬಹುದು.